ವಿಭಕ್ತಿ ಪಲ್ಲಟವೂ ಬಾಗಲಕೋಟೆಯ ಆಡುನುಡಿಯೂ

ಒಂದು ವಿಭಕ್ತಿಯು ಬರಬೇಕಾದೆಡೆಯಲ್ಲಿ ಮತ್ತೊಂದು ಬರುವುದನ್ನು ನಮ್ಮ ವೈಯಾಕರಣರು ‘ವಿಭಕ್ತಿ ಪಲ್ಲಟ’ವೆಂದು ಕರೆದಿರುವರು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಗಮನಿಸಿದ್ದಾನೆ, ಶಾಲಾ ವ್ಯಾಕರಣಗಳೂ ಇದಕ್ಕೆ ಎಡೆಗೊಟ್ಟಿವೆ. ಪ್ರಯೋಗವನ್ನು ಕಂಡು ನಿಯಮವನ್ನು ಸಡಿಲಿಸಿದ ಈ ಔದಾರ್ಯವು ಮೆಚ್ಚತಕ್ಕದ್ದೇ. ಆದರೆ ‘ಪಲ್ಲಟ’ವೆಂಬ ಹೆಸರಿನಲ್ಲಿಯೇ ಒಂದು ಪೂರ್ವಗ್ರಹವು ಅಡಗಿದೆಯೆಂದು ನಮ್ಮ ಅಭಿಪ್ರಾಯ. ತಪ್ಪಿರುವುದು ಪ್ರಯೋಗವೇ ಹೊರತು ನಿಯಮವಲ್ಲವೆಂದು ಅದು ಮೊದಲೇ ತೀರ್ಪುಕೊಡುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಆಡುನುಡಿಯನ್ನು ನೋಡೋಣ. ‘ಅವನನ್ನು ಬೈದರು’ ಎಂಬುದು ವ್ಯಾಕರಣಸಮ್ಮತ; ಇಲ್ಲಿ ಕೇಳಿಬರುವುದು ‘ಅವಂಗ ಬೈದ್ರು’, ‘ನನಗ ಹೊಡದ’. ಕರ್ಮಪದಕ್ಕೆ ದ್ವಿತೀಯೆಯ ಬದಲು ಚತುರ್ಥಿಯು ಬಂದಿದೆ. ಈ ಪ್ರಯೋಗವು ಈ ಸೀಮೆಗೇ ಮೀಸಲಲ್ಲವೆಂಬುದೂ ನಿಜ. ಆದರೆ ಇದು ಮನಬಂದಂತೆ ನಡೆಯುವುದಲ್ಲ. ಇಳಕಲ್ಲಿನ ನೇಕಾರನನ್ನು ಕುರಿತು ‘ಸೀರಿ ನೇದ’ ಎನ್ನುವರೇ ಹೊರತು ‘ಸೀರಿಗೆ ನೇದ’ ಎನ್ನರು. ಬೈಗುಳವನ್ನೂ ಪೆಟ್ಟನ್ನೂ ಪಡೆದವನು ಒಂದರ್ಥದಲ್ಲಿ ಸ್ವೀಕರಿಸಿದವನು. ‘ಅವನಿಗೆ ಪೆಟ್ಟು ಕೊಟ್ಟ’ ಎಂಬಲ್ಲಿ ಚತುರ್ಥಿಯು ಸಾಧುವಾದರೆ ‘ಅವನಿಗೆ ಹೊಡೆದ’ ಎಂಬಲ್ಲಿ ಅಸಾಧುವಾಗುವುದೇಕೆ?

ಸ್ಪ್ಯಾನಿಷ್ ಭಾಷೆಯಲ್ಲಿಯೂ ಇಂಥ ವಿವಾದವುಂಟು. ಅಲ್ಲಿ ದ್ವಿತೀಯೆಯ ‘ಲೊ’ ಎಂಬ ಸರ್ವನಾಮದೆಡೆಯಲ್ಲಿ ಚತುರ್ಥಿಯ ‘ಲೆ’ ಬರುವುದು. ಒಬ್ಬ ಪುರುಷನನ್ನು ಕುರಿತು ಹಾಗೆ ಬಳಸುವುದನ್ನು ಸ್ಪೇನಿನ ರಾಯಲ್ ಅಕಾಡೆಮಿ ಒಪ್ಪಿದೆ. ವಸ್ತುವನ್ನು ಕುರಿತಾದರೆ ಒಪ್ಪಿಲ್ಲ. ವ್ಯಕ್ತಿ, ವಸ್ತುಗಳ ಭೇದವನ್ನು ಅಲ್ಲಿ ನಿಯಮವೇ ಗುರುತಿಸಿದೆ.

ಸರ್ವನಾಮದ ವಿಷಯದಲ್ಲಿ ನಮ್ಮ ಮಾತೂ ಗ್ರಂಥದ ದಾರಿಯನ್ನು ಬಿಟ್ಟಿದೆ. ಗ್ರಂಥಭಾಷೆಯಲ್ಲಿ ‘ಅವಳು’ ಸಾಮಾನ್ಯ, ‘ಆಕೆ’ ತುಸು ಗೌರವಸೂಚಕ. ಇಲ್ಲಿ ‘ಆಕಿ’ ಎಂಬುದೇ ಮಗಳಿಗೂ ಗೆಳತಿಗೂ ಸಲ್ಲುವ ಸಾಮಾನ್ಯ ರೂಪ. ಗೌರವಕ್ಕೆ ‘ಅವರು’ ಇದೆ. ರೂಪವು ಒಂದೇ ಮೂಲದ್ದಾದರೂ ಬೆಲೆ ಬೇರೆ.

ಈ ಚರ್ಚೆಯು ಕೇವಲ ಪಂಡಿತರದಲ್ಲ. ಆಲಮಟ್ಟಿಯ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರಕ್ಕೆ ಜನರು ಬಂದಾಗ ಮನೆಯನ್ನು ಬಿಟ್ಟು ಬಂದರು, ನುಡಿಯನ್ನು ಬಿಟ್ಟು ಬರಲಿಲ್ಲ. ಅವರ ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಅವನಿಗೆ ಬೈದರು’ ಎಂಬುದರ ಕೆಳಗೆ ಕೆಂಪುಗೆರೆಯನ್ನೆಳೆಯುವ ಅಧ್ಯಾಪಕನು, ತಾನು ತಿದ್ದುತ್ತಿರುವುದು ಅಜ್ಞಾನವನ್ನೋ ಮತ್ತೊಂದು ನಿಯಮವನ್ನೋ ಎಂದು ಯೋಚಿಸಬೇಕು. ಗ್ರಂಥಭಾಷೆಯನ್ನು ಕಲಿಸುವುದು ಆತನ ಕರ್ತವ್ಯವೇ ಸರಿ. ಆದರೆ ‘ಬರವಣಿಗೆಯ ರೂಢಿ ಇದು, ನಿಮ್ಮ ಮಾತಿನ ಕ್ರಮ ಅದು’ ಎಂದು ಎರಡನ್ನೂ ಎದುರಿಗಿಟ್ಟು ಕಲಿಸಿದರೆ ವಿದ್ಯಾರ್ಥಿಯು ವ್ಯಾಕರಣವನ್ನೂ ಕಲಿತಾನು, ತಾಯ್ನುಡಿಯ ಬಗೆಗೆ ನಾಚಿಕೆಯನ್ನೂ ತೊರೆದಾನು.