ಆರೋಗ್ಯದ ಲಕ್ಷಣ: ಕಾಂಗಿಲೆಮ್ ಅವರ ವಿಚಾರಸರಣಿ

ಫ್ರಾನ್ಸಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾರ್ಜ್ ಕಾಂಗಿಲೆಮ್ ಅವರು ವೈದ್ಯಪದವಿಗಾಗಿ ರಚಿಸಿದ ಪ್ರಬಂಧವು 1943ರಲ್ಲಿ ಪ್ರಕಟವಾಗಿ, 1966ರಲ್ಲಿ ಹೊಸ ಅಧ್ಯಾಯಗಳೊಡನೆ ಮರಳಿ ಅಚ್ಚಾಯಿತು. ರೋಗವೆಂಬುದು ದೇಹದ ಸಹಜವ್ಯಾಪಾರದಲ್ಲಿ ಉಂಟಾಗುವ ಹೆಚ್ಚುಕಡಿಮೆ ಮಾತ್ರವೆಂಬ ಕ್ಲೋದ್ ಬೆರ್ನಾರರ ಮತವನ್ನು ಅವರು ಅದರಲ್ಲಿ ಖಂಡಿಸಿದ್ದಾರೆ. ಬಹುಜನರಲ್ಲಿ ಕಾಣುವ ಸರಾಸರಿಯು ಆರೋಗ್ಯದ ಲಕ್ಷಣವಲ್ಲ. ಸನ್ನಿವೇಶವು ಬದಲಾದಾಗ ತನಗೆ ತಾನೇ ಹೊಸ ನಿಯಮವನ್ನು ಕಲ್ಪಿಸಿಕೊಳ್ಳುವ ಶಕ್ತಿಯೇ ಆರೋಗ್ಯ. ರೋಗಿಗೂ ನಿಯಮವುಂಟು, ಅದು ಸಂಕುಚಿತವಾದುದು. ಆದುದರಿಂದ ರೋಗದ ವಿಷಯದಲ್ಲಿ ಮೊದಲ ಮಾತು ರೋಗಿಯದೇ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಅಧಿಕ ರಕ್ತದೊತ್ತಡವು ಅನೇಕರಲ್ಲಿ ಯಾವ ನೋವನ್ನೂ ತೋರುವುದಿಲ್ಲ. ಅಲ್ಲಿ ಅಳತೆಯೊಂದೇ ಸಾಕ್ಷಿ. ಹಿಂದಿನ ರೋಗಿಗಳ ಸಂಕಟದಿಂದಲೇ ವೈದ್ಯನಿಗೆ ಅಂತಹ ಅರಿವು ಬಂದಿತೆಂಬುದು ಗ್ರಂಥಕರ್ತರ ಸಮಾಧಾನ. ಇದರಿಂದ ಜ್ಞಾನದ ಮೂಲವು ತಿಳಿಯುವುದೇ ಹೊರತು, ನೋವಿಲ್ಲದವನನ್ನು ರೋಗಿಯೆನ್ನುವ ಅಧಿಕಾರವು ಯಾರದೆಂಬುದು ನಿರ್ಣಯವಾಗದು. ಆದರೂ ಅಳತೆಯೇ ಮೌಲ್ಯವಲ್ಲವೆಂಬ ಅವರ ಮಾತು ಸರ್ವಥಾ ಗ್ರಾಹ್ಯವಾಗಿದೆ.