ಲಾವಣಿಯಾಚೆಯ ಸ್ಯಾಂಡಿ ಡೆನ್ನಿ

ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ‘ಲೀಜ್ ಅಂಡ್ ಲೀಫ್’ ಕೇಳಿದವರಿಗೆ ಸ್ಯಾಂಡಿ ಡೆನ್ನಿ ಎಂದರೆ ಹಳೆಯ ಇಂಗ್ಲಿಷ್ ಲಾವಣಿಗಳ ಕಂಠ. ‘ಮ್ಯಾಟಿ ಗ್ರೋವ್ಸ್’ನಲ್ಲಿ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಲ್ಲುವ ಗಂಡನ ಕಥೆಯನ್ನು ಆಕೆ ಅತ್ತು ಕರೆಯದೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತ ಹೋಗುತ್ತಾಳೆ. ಕಥೆ ಮುಗಿದ ಮೇಲೆ ರಿಚರ್ಡ್ ಥಾಂಪ್ಸನ್‌ನ ಗಿಟಾರು, ಡೇವ್ ಸ್ವಾರ್ಬ್ರಿಕ್‌ನ ಪಿಟೀಲು ಜಿದ್ದಿಗೆ ಬಿದ್ದು ನುಡಿಯುತ್ತವೆ. ದೊಡ್ಡ ಆಲ್ಬಮ್, ಸಂಶಯವಿಲ್ಲ. ಆದರೂ ಸ್ಯಾಂಡಿಯನ್ನು ಅಲ್ಲಿಗೇ ಕಟ್ಟಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆಕೆಯ ಆಸ್ತಿ ಆಕೆಯೇ ಬರೆದ ಹಾಡುಗಳು.

1947ರಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿ ಹುಟ್ಟಿದವಳು. ಒಂದಿಷ್ಟು ಕಾಲ ನರ್ಸಿಂಗ್, ಆಮೇಲೆ ಕಲಾಶಾಲೆ, ಫೋಕ್ ಕ್ಲಬ್ಬುಗಳು. ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಬರೆದಾಗ ಇನ್ನೂ ಇಪ್ಪತ್ತರ ಆಸುಪಾಸು. 1968ರಲ್ಲೇ ಅಮೆರಿಕದ ಜೂಡಿ ಕಾಲಿನ್ಸ್ ಅದನ್ನು ಹಾಡಿ, ಆಲ್ಬಮ್ಮಿಗೂ ಅದೇ ಹೆಸರಿಟ್ಟಳು. ವಲಸೆ ಹೊರಟ ಹಕ್ಕಿಗಳನ್ನು ನೋಡುತ್ತ ಕಾಲದ ಕುರಿತು ಕೇಳುವ ಹಾಡು ಅದು. ಫೇರ್‌ಪೋರ್ಟ್ ತಂಡದ 1969ರ ಆಲ್ಬಮ್ ‘ಅನ್‌ಹಾಫ್‌ಬ್ರಿಕಿಂಗ್’ನಲ್ಲಿ ಸ್ಯಾಂಡಿ ಹಾಡಿದ್ದನ್ನು ಗಮನಿಸಿ: ಎಲ್ಲೂ ಅವಸರವಿಲ್ಲ, ದನಿಯೇರಿಸಿ ಗೆಲ್ಲುವ ಆಸೆಯಿಲ್ಲ. ಪದ ಮುಗಿದ ಮೇಲೂ ಸ್ವರ ತುಸು ಬಳುಕಿ ನಿಲ್ಲುತ್ತದೆ. ಆ ಬಿಡುವಿನಲ್ಲಿ ಥಾಂಪ್ಸನ್‌ನ ಗಿಟಾರು ಮಾತಾಡುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಕಛೇರಿ ಮುಗಿಸಿ ಹಿಂದಿರುಗುತ್ತಿದ್ದ ತಂಡದ ವ್ಯಾನು ಉರುಳಿತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಸ್ಯಾಂಡಿ ಆ ವ್ಯಾನಿನಲ್ಲಿರಲಿಲ್ಲ. ನೋವಿನಿಂದ ಎದ್ದ ತಂಡ ಲಾವಣಿಗಳತ್ತ ಹೊರಳಿ ‘ಲೀಜ್ ಅಂಡ್ ಲೀಫ್’ ಮಾಡಿತು. ಬಾಸ್ ನುಡಿಸುತ್ತಿದ್ದ ಆಶ್ಲಿ ಹಚಿಂಗ್ಸ್‌ಗೆ ಆ ಪರಂಪರೆಯಲ್ಲೇ ಇನ್ನೂ ಆಳಕ್ಕಿಳಿಯುವ ಹಂಬಲ. ಸ್ಯಾಂಡಿಗೆ ಸ್ವಂತ ಹಾಡಿನದು. ವರ್ಷಾಂತ್ಯಕ್ಕೆ ಇಬ್ಬರೂ ಹೊರನಡೆದರು.

ಆಮೇಲೆ ಸ್ಯಾಂಡಿ ಕಟ್ಟಿದ್ದು ‘ಫೋದರಿಂಗೇ’ ಎಂಬ ತಂಡ, ಅದೂ ಬೇಗ ಮುರಿಯಿತು. ಸಂಗೀತ ಪತ್ರಿಕೆ ‘ಮೆಲಡಿ ಮೇಕರ್’ನ ಓದುಗರು 1970, 1971 ಎರಡೂ ವರ್ಷ ಆಕೆಯನ್ನು ಬ್ರಿಟನ್ನಿನ ಶ್ರೇಷ್ಠ ಗಾಯಕಿಯೆಂದು ಆರಿಸಿದರು. ಲೆಡ್ ಜೆಪ್ಲಿನ್‌ನ ‘ದ ಬ್ಯಾಟಲ್ ಆಫ್ ಎವರ್‌ಮೋರ್’ನಲ್ಲಿ ರಾಬರ್ಟ್ ಪ್ಲಾಂಟ್ ಜೊತೆ ಹಾಡಿದ್ದೂ ಆಕೆಯೇ. ಇಷ್ಟಾದರೂ ಸ್ವಂತ ಆಲ್ಬಮ್‌ಗಳು ಹೆಚ್ಚು ಮಾರಾಟವಾಗಲಿಲ್ಲ. 1974ರ ಆಲ್ಬಮ್ಮಿನಲ್ಲಿ ವಾದ್ಯವೃಂದದ ತಂತಿಗಳು ಕಂಠವನ್ನು ಮುಚ್ಚಿಬಿಡುತ್ತವೆ ಎಂಬುದು ನನ್ನ ಕೊರಗು. 1978ರ ಏಪ್ರಿಲ್‌ನಲ್ಲಿ, ಮಿದುಳಿನ ರಕ್ತಸ್ರಾವದಿಂದ, 31ನೇ ವಯಸ್ಸಿಗೇ ಹೋಗಿಬಿಟ್ಟಳು.

ಹೊಸದಾಗಿ ಕೇಳುವವರು 1971ರ ‘ದ ನಾರ್ತ್ ಸ್ಟಾರ್ ಗ್ರಾಸ್‌ಮನ್ ಅಂಡ್ ದ ರೇವನ್ಸ್’ನಿಂದ ಶುರುಮಾಡಿ. ‘ಲೇಟ್ ನವೆಂಬರ್’ ಮೊದಲ ಹಾಡು. ಲಾವಣಿಗಳಿಗೆ ಆಮೇಲೆ ಬನ್ನಿ.