ಕಾಯುವವರು ಕಾಣದ ಉದ್ಯಮನೀತಿ

ನ್ಯಾಯ ಮತ್ತು ಶಾಂತಿಗಾಗಿದ್ದ ಪೋಪರ ಪರಿಷತ್ತು 2012ರ ಮಾರ್ಚ್‌ನಲ್ಲಿ ‘ಉದ್ಯಮ ನಾಯಕನ ಕರೆ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಚಿಂತನಪತ್ರವೊಂದನ್ನು ಹೊರತಂದಿತು. ಅದೇ ವರ್ಷದ ಆರಂಭದಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲುಗಳಲ್ಲಿ ಅಗೆತ ಆರಂಭವಾಗಿತ್ತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೂ ಒಂದನ್ನು ಇನ್ನೊಂದರ ಎದುರಿಗಿಟ್ಟು ಓದಲು ನಾವು ಇಲ್ಲಿ ಯತ್ನಿಸುತ್ತೇವೆ.

ಪತ್ರದ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಲಾಭವನ್ನು ಅದು ಪಾಪವೆನ್ನುವುದಿಲ್ಲ. ಉದ್ಯಮದ ಏಕೈಕ ಗುರಿಯಾಗಲೂ ಬಿಡುವುದಿಲ್ಲ. ನೋಡು, ವಿವೇಚಿಸು, ಕಾರ್ಯಗೈ ಎಂಬ ಕ್ರಮದಲ್ಲಿ ನಡೆದು, ಕೊನೆಯಲ್ಲಿ ಉದ್ಯಮಿಯು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯೊಂದನ್ನು ಕೊಡುತ್ತದೆ. ಪಾಪನಿವೇದನೆಗೆ ಮುಂಚಿನ ಆತ್ಮಪರೀಕ್ಷೆಯನ್ನು ಬಲ್ಲ ಯಾಜಕರಿಗೆ ಈ ರೀತಿ ಹೊಸದೇನಲ್ಲ.

ಈಗ ಚಳ್ಳಕೆರೆಗೆ ಬರೋಣ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತಮಹಲ್ ಎಂಬ ಹೆಸರಿಟ್ಟನು. ಆ ದನಗಳಿಗಾಗಿ ಮೀಸಲಿಟ್ಟ ಬಯಲುಗಳೇ ಅಮೃತಮಹಲ್ ಕಾವಲುಗಳು. ಮಳೆ ತೀರ ಕಡಿಮೆಯಾದ ಈ ಸೀಮೆಯಲ್ಲಿ ಹುಲ್ಲೇ ಬಂಡವಾಳ: ಕುರಿ ಹುಲ್ಲನ್ನು ಮೇಯುತ್ತದೆ, ಅದರ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತದೆ, ಕಂಬಳಿ ಸಂತೆಗೆ ಹೋಗುತ್ತದೆ. ಇದೂ ಉದ್ಯಮವೇ. 2007ರ ನಂತರದ ಕೆಲವೇ ವರ್ಷಗಳಲ್ಲಿ ಇಂಥ ಸುಮಾರು 10,000 ಎಕರೆ ಕಾವಲು ಭೂಮಿಯನ್ನು ಬೇರೆ ಉದ್ದೇಶಗಳಿಗೆ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೆ 1,250 ಎಕರೆ. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು, ಯೋಜನೆಗಳು ನಿಲ್ಲಲಿಲ್ಲ.

ಪಡೆದವರಲ್ಲಿ ಬಹುಪಾಲು ಸರ್ಕಾರದ ಸಂಸ್ಥೆಗಳು, ಅವುಗಳನ್ನು ಉದ್ಯಮದ ತಕ್ಕಡಿಯಲ್ಲಿ ತೂಗುವುದು ಸಲ್ಲದು ಎಂಬ ಆಕ್ಷೇಪ ಬರಬಹುದು. ಒಪ್ಪೋಣ, ಸೌರ ಕಂಪನಿಯೊಂದನ್ನೇ ತೆಗೆದುಕೊಳ್ಳೋಣ. ಅದರ ಸರಕು ಒಳ್ಳೆಯದು, ಮುಂದಿನ ಪೀಳಿಗೆಗೂ ಬೇಕಾದದ್ದು. ಪತ್ರದ ಪ್ರಶ್ನೆಗಳನ್ನು ಅದರ ಮಾಲೀಕನು ಪ್ರಾಮಾಣಿಕನಾಗಿಯೇ ಕೇಳಿಕೊಂಡು ಬಹುಮಟ್ಟಿಗೆ ಉತ್ತೀರ್ಣನಾಗಬಹುದು. ನಮ್ಮ ತಕರಾರು ಇರುವುದು ಇಲ್ಲಿಯೇ. ಪತ್ರದಲ್ಲಿ ಬಡವರು ಕಾಣಿಸಿಕೊಳ್ಳುವುದು ಮುಖ್ಯವಾಗಿ ಉದ್ಯಮವು ಇನ್ನೂ ತಲುಪದ, ಸೇವೆ ಸಲ್ಲಿಸಬೇಕಾದ ಜನರಾಗಿ. ಉದ್ಯಮವು ಕಾಲಿಡುವ ಮೊದಲೇ ಆ ನೆಲವನ್ನು ನೋಡಿಕೊಂಡು ಬಂದವರಾಗಿ ಅವರು ಕಾಣಿಸಿಕೊಳ್ಳುವುದಿಲ್ಲ. ಪರೀಕ್ಷಕನೂ ಪರೀಕ್ಷೆಗೆ ಕುಳಿತವನೂ ಒಬ್ಬನೇ ಆದಾಗ ಕುರುಬನ ಪ್ರಶ್ನೆಯನ್ನು ಕೇಳುವವರು ಯಾರು?

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ತೋಟದಲ್ಲಿ ಎರಡು ಕೆಲಸಗಳು: ದುಡಿಯುವುದು ಮತ್ತು ಕಾಯುವುದು. ಕಾಯುವುದಕ್ಕೆ ಹೀಬ್ರೂವಿನಲ್ಲಿರುವ ಪದ ‘ಶಾಮರ್’. ತಮ್ಮನೆಲ್ಲಿ ಎಂದು ಕೇಳಿದಾಗ ಕಾಯಿನನು ಜಾರಿಕೊಳ್ಳುವುದೂ ಇದೇ ಧಾತುವಿನ ಮಾತಿನಿಂದ. ನೆಲವನ್ನು ಕಾಯುವುದಕ್ಕೂ ಸಹೋದರನನ್ನು ಕಾಯುವುದಕ್ಕೂ ಒಂದೇ ಪದ. ಕನ್ನಡದಲ್ಲಿಯೂ ‘ಕಾವಲು’ ಹುಟ್ಟಿದ್ದು ‘ಕಾಯು’ವಿನಿಂದಲೇ. ಬೀಳು, ಬಂಜರು ಎಂದು ಕಡತಗಳು ಕರೆಯುವುದನ್ನು ಊರಿನ ಬಾಯಿ ಕಾವಲೆಂದು ಕರೆಯುತ್ತದೆ; ದೈವಶಾಸ್ತ್ರವನ್ನು ಯಾವ ಪದದಿಂದ ಆರಂಭಿಸಬೇಕೆಂಬುದನ್ನು ನಾವು ಆರಿಸಿಕೊಳ್ಳಬೇಕಾಗಿದೆ.

ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ಇಂಥ ಸಂದರ್ಭಗಳಲ್ಲಿ ನಮ್ಮ ಪ್ರಬೋಧನೆಗಳು ಹೇಗೂ ನೆನೆಯುತ್ತವೆ. ಆದರೆ ಈಜೆಬೆಲಳ ಕ್ರೌರ್ಯಕ್ಕೆ ಆತುರದಿಂದ ಹೋಗಿಬಿಡುತ್ತವೆ. ಅಹಾಬನು ಮೊದಲು ಮುಂದಿಟ್ಟದ್ದು ನ್ಯಾಯವಾದ ವ್ಯವಹಾರವನ್ನೇ ಅಲ್ಲವೇ? ಇದಕ್ಕಿಂತ ಒಳ್ಳೆಯ ತೋಟ, ಇಲ್ಲವೇ ಬೆಲೆ. ನಾಬೋತನು ನಿರಾಕರಿಸಿದ್ದು ಬೆಲೆ ಸಾಲದೆಂದಲ್ಲ; ಪಿತೃಗಳಿಂದ ಬಂದದ್ದು ತಾನು ಮಾರಬಹುದಾದ ವಸ್ತುವಲ್ಲವೆಂದು. ಕಾವಲಿನ ಸಂಗತಿ ಇದಕ್ಕಿಂತ ಒಂದು ಹೆಜ್ಜೆ ಕೆಳಗೆ. ಅಲ್ಲಿ ಮೇಯಿಸುವವರ ಹೆಸರಿನಲ್ಲಿ ಪಟ್ಟೆಯೇ ಇಲ್ಲ. ನಿರಾಕರಿಸುವ ಅವಕಾಶವಾದರೂ ನಾಬೋತನಿಗಿತ್ತು.

ಪೋಪ್ ಫ್ರಾನ್ಸಿಸರ ‘ಲೌದಾತೊ ಸಿ’ 2015ರಲ್ಲಿ ಈ ಕೊರತೆಯನ್ನು ಭಾಗಶಃ ತುಂಬಿತು. ಪರಿಸರದ ಪರಿಣಾಮವನ್ನು ಅಳೆಯುವ ಕೆಲಸ ಯೋಜನೆ ಸಿದ್ಧವಾದ ಮೇಲೆ ಬರಬಾರದು, ಮೊದಲಿನಿಂದಲೇ ನಡೆಯಬೇಕು, ಸ್ಥಳೀಯರಿಗೆ ಅದರಲ್ಲಿ ವಿಶೇಷ ಸ್ಥಾನವಿರಬೇಕು ಎನ್ನುತ್ತದೆ ಅದರ 183ನೆಯ ಪರಿಚ್ಛೇದ. ಹಾಗಾಗಿ 2012ರ ಪತ್ರವನ್ನು ಒಂಟಿಯಾಗಿ ಪಾಠಕ್ಕಿಡುವುದು ನಮಗೆ ಸರಿಯೆನಿಸುವುದಿಲ್ಲ. ಕಾಂಪೌಂಡ್ ಗೋಡೆ ಕಟ್ಟುವ ನಮ್ಮ ಶಾಲೆ, ಆಸ್ಪತ್ರೆಗಳೂ ಈ ಪ್ರಶ್ನೆಯಿಂದ ಹೊರಗಿಲ್ಲ ಎಂಬುದನ್ನು ಸಂಕೋಚದಿಂದಲೇ ಸೇರಿಸುತ್ತೇವೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ, ನೋಡಿಕೊಳ್ಳಲು ಕಿಲಾರಿಗಳಿದ್ದಾರೆ. ಬರ ಬಂದಾಗ ಅವುಗಳ ಮೇವಿಗೆ ಜನರೇ ಕೈಗೂಡಿಸಬೇಕು. ಅವರ ನಂಬಿಕೆ ನಮ್ಮದಲ್ಲ. ಆದರೆ ತಮ್ಮದಲ್ಲದ ಹಿಂಡೊಂದನ್ನು ಲಾಭವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಈ ಜನರ ಎದುರು ಕುಳಿತು, ಪತ್ರದ ಪ್ರಶ್ನೆಗಳ ಪಟ್ಟಿಯನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆ ಗಟ್ಟಿಯಾಗಿ ಓದಲಿ. ಅದರಲ್ಲಿ ಯಾವ ಪ್ರಶ್ನೆ ಬಿಟ್ಟುಹೋಗಿದೆಯೆಂದು ಕಿಲಾರಿಯನ್ನೇ ಕೇಳಿ ಬರೆದುಕೊಂಡು ಬರಲಿ.